ಹೆಮ್ಮನೆಯ ಪುಟ್ಟಬಸಪ್ಪ: ಬಂಡಾಯಗಾರನೊಬ್ಬನ ವಂಶಶೋಧ

ಕೊಡ್ಲಿಪೇಟೆ, ಶನಿವಾರಸಂತೆಗಳನ್ನೊಳಗೊಂಡ ಕೊಡಗಿನ ಬಡಗಣ ಅಂಚು ಹಿಂದೆ ಏಳುಸಾವಿರ ಸೀಮೆ ಎನಿಸಿಕೊಂಡಿತ್ತು. ಮೈಸೂರಿಗೆ ಸೇರಿದ್ದ ಈ ಸೀಮೆ ಹಾಲೇರಿಯ ದೊಡ್ಡವೀರಪ್ಪನ ಕಾಲದಲ್ಲಿ ಕೊಡಗಿನ ವಶವಾಯಿತು. ಗಡಿನಾಡಾದುದರಿಂದ ದಂಡು ಬಂದಾಗಲೆಲ್ಲ ಮೊದಲ ಪೆಟ್ಟು ತಿಂದವರು ಇಲ್ಲಿನವರು. ಹತ್ತೊಂಬತ್ತನೆಯ ಶತಮಾನದ ಬಂಡಾಯದ ಕಾಲಕ್ಕೆ ಸೇರಿದ ಪೂರ್ವಜನೊಬ್ಬನ ಬಾಳನ್ನೂ ಮನೆತನವನ್ನೂ ಗುರುತಿಸಲು ಹೊರಟವರಿಗೆ ಈ ಸೀಮೆ ಒಡ್ಡುವ ತೊಡಕುಗಳು ವಿಶಿಷ್ಟವಾದವು. ಅವುಗಳಲ್ಲೆಲ್ಲ ದೊಡ್ಡದು ಹೆಸರಿನ ತೊಡಕು.

1834ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ದಂಡು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಕರ್ನಲ್ ವಾ ನಡೆಸಿದ ಬಡಗಣ ತುಕಡಿ ಶನಿವಾರಸಂತೆಯ ಮಾರ್ಗವಾಗಿ ಬಂದು, ಏಪ್ರಿಲ್ 3ರಂದು ಬಕ್ಕದ ಕಟ್ಟೆಕಾವಲಿನೆದುರು ಸೋತು ಹಿಮ್ಮೆಟ್ಟಿತು. ಅಂದು ಮಡಿದ ಲೆಫ್ಟಿನೆಂಟ್ ಕರ್ನಲ್ ಮಿಲ್ಲನ ಹೆಸರು, ಹುದ್ದೆ, ರೆಜಿಮೆಂಟು ಎಲ್ಲವೂ ದಾಖಲೆಯಲ್ಲಿವೆ. ಕಾದು ಗೆದ್ದವರ ಪಕ್ಷದಲ್ಲಿ ನಾಯಕ ಮಾತಂಡ ಅಪ್ಪಚ್ಚುವಿನ ಹೆಸರು ಉಳಿದಿದೆ; ಅವನೊಡನಿದ್ದವರು ಬರಿಯ 'ಕೊಡಗಿನವರು' ಆಗಿದ್ದಾರೆ. ಗೆಲುವೂ ಹೆಸರನ್ನು ಉಳಿಸಲಿಲ್ಲವೆಂದ ಮೇಲೆ, ಸೋತು ನೇಣಿಗೇರಿದವರ ಮಾತೇನು?

ಆ ವರ್ಷದ ಮೇ ತಿಂಗಳಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಸಾಗಿಸಲಾಯಿತು. ಬಳಿಕ ನಡೆದ ಪ್ರತಿರೋಧದ ಸ್ವಾರಸ್ಯವೆಂದರೆ, ಅದು ನಿಂತದ್ದೇ ಒಂದು ವಂಶಾವಳಿಯ ಮೇಲೆ. ಲಿಂಗರಾಜೇಂದ್ರನ ಅಣ್ಣನಾದ ಅಪ್ಪಾಜಿಗೆ ವೀರಪ್ಪ, ನಂಜುಂಡಪ್ಪ ಎಂಬ ಇಬ್ಬರು ಮಕ್ಕಳು. ತಾನೇ ಆ ವೀರಪ್ಪನೆಂದು ಹೇಳಿಕೊಂಡವನು ಸ್ವಾಮಿ ಅಪರಂಪಾರ. ತಾನೇ ನಂಜುಂಡಪ್ಪನೆಂದು ಹೇಳಿಕೊಂಡವನು ಕಲ್ಯಾಣಸ್ವಾಮಿ. ಇಬ್ಬರೂ ಜಂಗಮ ವೇಷದಲ್ಲಿ ಊರೂರು ಅಲೆದು ಜನರನ್ನು ಕೂಡಿಸಿದರು, ಇಬ್ಬರೂ ಕಂಪನಿಯವರ ಕೈಗೆ ಸಿಕ್ಕಿಬಿದ್ದರು. ಆಗ ಶನಿವಾರಸಂತೆಯ ಬಳಿಯ ಹೆಮ್ಮನೆಯ ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿಯ ಹೆಸರನ್ನು ತಾನು ಹೊತ್ತು ಮುಂದೆ ಬಂದನು. ಒಂದು ಹೆಸರಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅರಮನೆಯ ರಕ್ತಕ್ಕೆ ಮಾತ್ರ ತಲೆಬಾಗುತ್ತಿದ್ದ ಕಾಲದಲ್ಲಿ ಹಳ್ಳಿಯ ರೈತನೊಬ್ಬ ತನ್ನ ಹೆಸರಿನಲ್ಲೇ ದಂಡು ಕಟ್ಟುವಂತಿರಲಿಲ್ಲ. ತನ್ನ ತಂದೆತಾಯಿಯರ ಕುಲವನ್ನು ಮರೆಮಾಡಿದ್ದೇ ಅವನ ಮೊದಲ ತ್ಯಾಗವೆನ್ನಬಹುದು.

1837ರ ಮಾರ್ಚ್ ಕೊನೆಗೆ ಸುಳ್ಯದ ಪೂಮಲೆಯಲ್ಲಿ ಕೂಡಿದ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿತು. ಅಮರಸುಳ್ಯದ ಮಾಗಣೆಯನ್ನು ಕೊಡಗಿನಿಂದ ಕಿತ್ತು ದಕ್ಷಿಣ ಕನ್ನಡಕ್ಕೆ ಸೇರಿಸಿದುದು, ದವಸದ ಬದಲು ನಗದಿನಲ್ಲೇ ಕಂದಾಯ ತೆರಬೇಕಾಗಿ ಬಂದುದು ರೈತರನ್ನು ಕೆರಳಿಸಿದ್ದವು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನಾಯಕತ್ವದ ಈ ಹೋರಾಟ ಸುಮಾರು ಎರಡು ವಾರಗಳಲ್ಲಿ ಮುರಿದುಬಿತ್ತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು. ಬಂಡಾಯಕ್ಕೆ ಬಿದ್ದ ಅಡ್ಡಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಅವನ ಸ್ವಂತ ಹೆಸರಿಗೆ ಅಲ್ಲಿಯೂ ಎಡೆಯಿಲ್ಲ.

ಇದಕ್ಕೆ ಎದುರಾಗಿ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡನ ಸಂಗತಿಯನ್ನು ಇಟ್ಟು ನೋಡಬಹುದು. 1837ರ ಅಕ್ಟೋಬರ್ 31ರಂದು ಅವನನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಕುಟುಂಬದವರ ಕಣ್ಣೆದುರಿಗೇ ಎಂಬ ಹೇಳಿಕೆ ಜನರಲ್ಲಿದೆ. ಅವನ ಹೆಸರಿನ ಮುಂದೆ ಮನೆಯ ಹೆಸರು ನಿಂತಿದೆ. ಗೌಡರಲ್ಲಿಯೂ ಕೊಡವರಲ್ಲಿಯೂ ವ್ಯಕ್ತಿ ಅಳಿದರೂ ಮನೆಹೆಸರು ಅಳಿಯದು. ಆ ಹೆಸರನ್ನು ಹಿಡಿದು ಇಂದಿನವರು ಅಂದಿನವನವರೆಗೆ ನಡೆಯಬಹುದು. ಆದರೆ 'ಸುಬೇದಾರ' ಎಂಬ ಮಾತು ದಾರಿ ತಪ್ಪಿಸಬಲ್ಲದು. ಕಂಪನಿಯ ಪಲ್ಟನ್ನಿನಲ್ಲಿ ಅದು ದೇಶೀ ಸಿಪಾಯಿಗಳ ಮೇಲಧಿಕಾರಿಯ ಪದವಿ. ಕೊಡಗಿನಲ್ಲಾದರೋ ತಾಲೂಕಿನ ಆಡಳಿತ ನಡೆಸುವವನ ಹುದ್ದೆ. ಪೂರ್ವಜ ಸುಬೇದಾರನಾಗಿದ್ದನೆಂಬ ಮಾತನ್ನು ನಂಬಿ ಪಲ್ಟನ್ನಿನ ಪಟ್ಟಿಗಳನ್ನು ಜಾಲಾಡಿದರೆ ಶ್ರಮವೆಲ್ಲ ವ್ಯರ್ಥ.

ಬಂಡಾಯವನ್ನು ಅಡಗಿಸಲು ನೆರವಾದವರಿಗೆ ಕಂಪನಿ ಸರ್ಕಾರ ಪದಕಗಳನ್ನು ಕೊಟ್ಟಿತು. ಚಿನ್ನದವು 44, ಬೆಳ್ಳಿಯವು 300. ಅವುಗಳ ಮೇಲೆ ಕನ್ನಡ ಬರೆಹವೂ ಉಂಟು. ಪದಕ ಮನೆಯ ಪೆಟ್ಟಿಗೆಯಲ್ಲಿ ತಲೆಮಾರುಗಳ ಕಾಲ ಉಳಿಯುವ ವಸ್ತು, ನೇಣುಹಗ್ಗ ಉಳಿಯದು. ಹೀಗೆ ನಿಷ್ಠರ ವಂಶಗಳು ಲೋಹದಲ್ಲಿ ಬರೆಯಲ್ಪಟ್ಟರೆ, ದ್ರೋಹಿಗಳೆನಿಸಿಕೊಂಡವರ ವಂಶವನ್ನು ಶಿಕ್ಷೆಯ ಕಾಗದಗಳಲ್ಲೇ ಅರಸಬೇಕು. ಈ ಮಾತು ಕೇಳಲು ಕಹಿಯಾದರೂ ವಿಚಾರಣೆಯ ಹೇಳಿಕೆಗಳಷ್ಟು ಊರು, ವಯಸ್ಸು, ನಂಟುಗಳನ್ನು ತೆರೆದಿಡುವ ಬರೆಹ ಬೇರೊಂದಿಲ್ಲ.

ಆ ಕಾಗದಗಳ ದಾರಿಯೂ ನೇರವಲ್ಲ. ಪುಟ್ಟಬಸಪ್ಪನ ಹುಟ್ಟೂರು ಮೈಸೂರಿನ ಕಮಿಷನರನ ಮೇಲ್ವಿಚಾರಣೆಗೆ ಒಳಪಟ್ಟ ಕೊಡಗಿನಲ್ಲಿತ್ತು. ಅವನು ಸತ್ತ ನೆಲ ಮದರಾಸು ಆಧಿಪತ್ಯದ ಜಿಲ್ಲೆಗೆ ಸೇರಿತ್ತು. ಆದ್ದರಿಂದ ಒಬ್ಬನೇ ಮನುಷ್ಯನ ಬಾಳಿನ ಸುಳಿವುಗಳಿಗಾಗಿ ಬೆಂಗಳೂರು, ಚೆನ್ನೈ, ದೆಹಲಿಗಳ ದಾಖಲಾಗಾರಗಳೆಲ್ಲದರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಹುಡುಕುವಾಗಲೂ ಪುಟ್ಟಬಸಪ್ಪ, ಕಲ್ಯಾಣಪ್ಪ, ಕಲ್ಯಾಣಸ್ವಾಮಿ ಎಂಬ ಮೂರೂ ಹೆಸರುಗಳನ್ನು ನೋಡಿ, ಮೂರನೆಯದರಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು ಅಡಗಿರುವರೆಂಬ ಎಚ್ಚರವನ್ನು ಇಟ್ಟುಕೊಳ್ಳಬೇಕು. ಹೆಸರಿನಲ್ಲಿರುವ 'ಬಸಪ್ಪ' ಶರಣ ಸಂಪ್ರದಾಯದತ್ತ ಬೆರಳು ತೋರುತ್ತದೆ ನಿಜ. ಅಷ್ಟರಿಂದಲೇ ಕುಲವನ್ನು ನಿರ್ಣಯಿಸುವುದು ಅವಸರದ ಮಾತಾಗುತ್ತದೆ.

ನಿರಂಜನರ 'ಕಲ್ಯಾಣಸ್ವಾಮಿ', 'ಸ್ವಾಮಿ ಅಪರಂಪಾರ' ಕಾದಂಬರಿಗಳು ಈ ಕಥನವನ್ನು ಮನೆಮನೆಗೆ ಮುಟ್ಟಿಸಿದವು. ಅವುಗಳ ಋಣ ದೊಡ್ಡದು. ಆದರೆ ಕಾದಂಬರಿಕಾರನು ಪಾತ್ರಗಳಿಗೆ ಕಟ್ಟಿಕೊಡುವ ಹೆಂಡತಿ ಮಕ್ಕಳನ್ನು ವಂಶವೃಕ್ಷದಲ್ಲಿ ಬರೆದುಕೊಳ್ಳುವುದು ಸಲ್ಲದು. ಅಂಥ ಬರೆವಣಿಗೆ ಒಮ್ಮೆ ಅಚ್ಚಾದರೆ ಮುಂದಿನವರಿಗೆ ಅದೇ ಆಧಾರವಾಗಿಬಿಡುತ್ತದೆ.

ಹೆಚ್ಚು ಭರವಸೆಯ ಹಾದಿ ಭೂಮಿಯದು. ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ (1811–1820) ನಾಡಿನ ಹಿಡುವಳಿಗಳನ್ನು ಶಿಸ್ತು ಲೆಕ್ಕದಲ್ಲಿ ಬರೆಸಲಾಯಿತು. ಜಮ್ಮಾ ಭೂಮಿ ಮನೆತನದ ಹೆಸರಿನಲ್ಲಿ ಒಟ್ಟಾಗಿ ಉಳಿಯುವುದರಿಂದ ಅದನ್ನು ಹಿಡಿದವರ ಕುಟುಂಬವನ್ನು ಗುರುತಿಸುವುದು ಹಗುರ. ಬಡಗಣ ಕೊಡಗಿನ ಸಾಗು ಹಿಡುವಳಿಗಳಲ್ಲಿ ಆ ಅನುಕೂಲ ಕಡಿಮೆ. ಅಲ್ಲಿ ಊರಿನ ಲೆಕ್ಕ, ಉಂಬಳಿಯ ಕಾಗದ, ಹೆಣ್ಣು ಕೊಟ್ಟು ತಂದ ಮನೆಗಳ ನೆನಪು ಇವುಗಳನ್ನು ಒಂದಕ್ಕೊಂದು ಹೊಂದಿಸಬೇಕು. ಹೆಣ್ಣುಮಕ್ಕಳ ಕಡೆಯ ನೆನಪನ್ನು ಬದಿಗಿಡುವುದು ನಮ್ಮ ವಂಶಾವಳಿಗಳ ಹಳೆಯ ದೋಷ. ದೊರೆಯ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನ ಪಡೆದುದು, ಕರ್ನಲ್ ಕ್ಯಾಂಬೆಲ್ಲನನ್ನು ವರಿಸಿದುದು, ಅವಳಿಗೆ ಎಡಿತ್ ಎಂಬ ಮಗಳಾದುದು, 1864ರಲ್ಲಿ ಅವಳು ತೀರಿಕೊಂಡುದು ಎಲ್ಲವೂ ಬರೆಹದಲ್ಲಿದೆ.

ಹೆಮ್ಮನೆಯವನ ಮನೆಯನ್ನು ಅರಸುವವರು 1834ಕ್ಕೆ ಹಿಂದಿನ ಊರ ಲೆಕ್ಕವನ್ನೂ 1837ರ ಮುಂದಿನದನ್ನೂ ಪಕ್ಕಪಕ್ಕದಲ್ಲಿಟ್ಟು, ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಕಾಣದಾದ ಹಿಡುವಳಿದಾರರನ್ನು ಒಬ್ಬೊಬ್ಬರಾಗಿ ಗುರುತು ಹಾಕಿಕೊಳ್ಳುತ್ತ ಹೋಗಬೇಕು.