ಅಶಾಬ್ದಿಕ ವರ್ತನೆಯ ಮೇಲೆ ಸಂಸ್ಕೃತಿ ಮತ್ತು ಕಲಿಕೆಯ ಪ್ರಭಾವ

ಅಶಾಬ್ದಿಕ ವರ್ತನೆ ಎಂದರೆ ಮಾತಿಲ್ಲದೆ ಅರ್ಥವನ್ನು ತಿಳಿಸುವ ಮುಖಭಾವ, ನೋಟ, ಕೈಸನ್ನೆ ಮತ್ತು ದೇಹಭಂಗಿ. ನಗು, ಅಳುಗಳು ಹುಟ್ಟಿನಿಂದ ಬಂದವು. ವಂದನೆಯಂತಹ ಸನ್ನೆಗಳನ್ನು ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರೆ. ಕನ್ನಡ, ಮರಾಠಿ, ಉರ್ದು ಭಾಷಿಕರು ಕೂಡಿ ಬಾಳುವ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳಲ್ಲಿ ಕೈಮುಗಿಯುವುದು, ಕಾಲುಮುಟ್ಟಿ ನಮಸ್ಕರಿಸುವುದು, ಹಣೆಯತ್ತ ಕೈಯೆತ್ತಿ ಆದಾಬ್ ಮಾಡುವುದು ಮೂರೂ ಬಳಕೆಯಲ್ಲಿವೆ. ಯಾರಿಗೆ ಯಾವ ವಂದನೆ ಸಲ್ಲಬೇಕೆಂಬುದೂ ಕಲಿಕೆಯಿಂದಲೇ ಬರುತ್ತದೆ.

ಕಲಿತ ವರ್ತನೆಯನ್ನು ಬದಲಿಸಲೂ ಸಾಧ್ಯ. 12ನೆಯ ಶತಮಾನದ ಕಲ್ಯಾಣದಲ್ಲಿ, ಐತಿಹ್ಯದ ಪ್ರಕಾರ, ಚಮ್ಮಾರ ವೃತ್ತಿಯ ಶರಣ ಹರಳಯ್ಯನವರು ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದಿಸಿದರು. ತಲೆಬಾಗುವುದನ್ನಷ್ಟೇ ಕಲಿತಿದ್ದ ಹರಳಯ್ಯನವರಿಗೆ ಆ ಗೌರವ ತೀರಿಸಲಾಗದ ಋಣವೆನಿಸಿತು. ಮೇಲು-ಕೀಳನ್ನು ಸೂಚಿಸುತ್ತಿದ್ದ ವಂದನೆ ಶರಣರಲ್ಲಿ ಸಮಾನತೆಯ ಗುರುತಾದುದಕ್ಕೆ ಈ ಪ್ರಸಂಗ ನಿದರ್ಶನವಾಗಿದೆ.