ಉಗುರಗಲದ ಜಾಗದಿಂದ ನೂರು ವ್ಯಾಟ್ ಹೊರಸಾಗಿಸುವುದು

ಎಎಂಡಿ ಕಂಪನಿಯ ರೈಜೆನ್ 7 7700ಎಕ್ಸ್ ಪ್ರೊಸೆಸರ್‌ನಲ್ಲಿ ಲೆಕ್ಕಾಚಾರವೆಲ್ಲ ನಡೆಯುವುದು ಸುಮಾರು 70 ಚದರ ಮಿಲಿಮೀಟರ್ ವಿಸ್ತಾರದ ಸಿಲಿಕಾನ್ ತುಣುಕೊಂದರಲ್ಲಿ. ಹೆಬ್ಬೆರಳಿನ ಉಗುರಿಗಿಂತ ಅದು ಚಿಕ್ಕದು. ಎಂಟೂ ಕೋರ್‌ಗಳು ಪೂರ್ತಿ ದುಡಿಯುವಾಗ ಆ ತುಣುಕಿನಿಂದ ನೂರು ವ್ಯಾಟಿಗೂ ಮಿಕ್ಕಿ ಬಿಸಿ ಹೊರಡುತ್ತದೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಚದರ ಸೆಂಟಿಮೀಟರಿಗೆ ಐದು ವ್ಯಾಟ್ ಆಯಿತು. ಪ್ರೊಸೆಸರ್ ಅದರ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಒತ್ತಾಗಿ ಬಿಸಿ ಕಾರುತ್ತದೆ. ಇಸ್ತ್ರಿಪೆಟ್ಟಿಗೆ ಕಾದಷ್ಟೂ ನಮಗೆ ಒಳ್ಳೆಯದು, ಈ ತುಣುಕಾದರೋ 95 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ.

ಪ್ರೊಸೆಸರ್ ಚಕ್ರ ತಿರುಗಿಸುವುದಿಲ್ಲ, ಭಾರ ಎತ್ತುವುದಿಲ್ಲ. ಆದ್ದರಿಂದ ಒಳಗೆ ಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗಿಯೇ ಹೊರಬರುತ್ತದೆ. ಅದರ ತಲೆಯ ಮೇಲೆ ಕೂರುವ ಕೂಲರ್ ಈ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಇಲ್ಲಿಂದ ಎತ್ತಿ ಅಲ್ಲಿ ಸುರಿಯುತ್ತದೆ, ಅಷ್ಟೆ. ಸಿಲಿಕಾನಿನಿಂದ ತಾಮ್ರದ ಮುಚ್ಚಳಕ್ಕೆ, ಮುಚ್ಚಳದಿಂದ ಅದರ ಮೇಲೆ ಹಚ್ಚುವ ಪೇಸ್ಟಿಗೆ, ಪೇಸ್ಟಿನಿಂದ ಕೂಲರ್‌ನ ತಳಕ್ಕೆ, ಅಲ್ಲಿಂದ ಪೈಪುಗಳಿಗೆ, ಪೈಪುಗಳಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ. ಈ ದಾರಿಯಲ್ಲಿ ಒಂದೇ ಒಂದು ಕಡೆ ಅಡ್ಡಿಯಾದರೂ ಉಳಿದ ಕಡೆ ಸುರಿದ ದುಡ್ಡು ವ್ಯರ್ಥ. ಕೂಲರ್ ಕೊಳ್ಳುವವರು ಫ್ಯಾನಿನ ಗಾತ್ರ, ದೀಪದ ಬಣ್ಣ ನೋಡುತ್ತಾರೆ. ಕಂಪ್ಯೂಟರ್ ಕಾಯುವುದು ಸಾಮಾನ್ಯವಾಗಿ ಬೇರೆ ಕಾರಣಕ್ಕೆ.

ಮೊದಲಿನಿಂದಲೂ ಹೀಗಿರಲಿಲ್ಲ. 1993ರ ಮೊದಲ ಪೆಂಟಿಯಂ ಉಗುಳುತ್ತಿದ್ದದ್ದು ಸುಮಾರು 15 ವ್ಯಾಟ್, ಅದಕ್ಕೇ ಜನ ಹುಬ್ಬೇರಿಸಿದ್ದರು. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಂತೆ, ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದರ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಅಷ್ಟೇ ಜಾಗದಲ್ಲಿ ಹುಟ್ಟುವ ಬಿಸಿ ಏರುವುದಿಲ್ಲ. ಆ ಭರವಸೆ ಈ ಶತಮಾನದ ಮೊದಲ ಐದಾರು ವರ್ಷಗಳಲ್ಲೇ ಕೈಕೊಟ್ಟಿತು. ವೋಲ್ಟೇಜ್ ಇಳಿಯುವುದು ನಿಂತಿತು, ಟ್ರಾನ್ಸಿಸ್ಟರ್‌ಗಳು ಮಾತ್ರ ಕಿರಿದಾಗುತ್ತಲೇ ಹೋದವು. 2004ರಲ್ಲಿ ಇಂಟೆಲ್‌ನ ಪೆಂಟಿಯಂ 4 ನೂರು ವ್ಯಾಟ್ ದಾಟಿತು, ಘೋಷಿಸಿದ್ದ 4 ಗಿಗಾಹರ್ಟ್ಸ್ ಆವೃತ್ತಿ ರದ್ದಾಯಿತು. ಅದಕ್ಕೆ ಮೂರು ವರ್ಷ ಮೊದಲು ಟಾಮ್ಸ್ ಹಾರ್ಡ್‌ವೇರ್ ಪತ್ರಿಕೆ ಒಂದು ಪ್ರಯೋಗವನ್ನು ಚಿತ್ರೀಕರಿಸಿ ತೋರಿಸಿತ್ತು. ಓಡುತ್ತಿರುವ ಕಂಪ್ಯೂಟರಿನಿಂದ ಕೂಲರ್ ಕಿತ್ತರೆ ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಉಸಿರು ಹಿಡಿದುಕೊಂಡಿತು, ಎಎಂಡಿಯ ಅಥ್ಲಾನ್ ಹೊಗೆಯಾಡಿ ಸುಟ್ಟೇಹೋಯಿತು. ಈಗಿನ ಯಾವ ಪ್ರೊಸೆಸರ್ರೂ ಹಾಗೆ ಸುಡುವುದಿಲ್ಲ, ಮಿತಿ ಮುಟ್ಟುತ್ತಿದ್ದಂತೆ ತಾನೇ ನಿಧಾನವಾಗುತ್ತದೆ. ತೊಂದರೆಯಿರುವುದೂ ಅಲ್ಲೇ. ಕೂಲರ್ ಸರಿಯಾಗಿ ಕೂತಿಲ್ಲವೆಂಬುದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಕೊಟ್ಟ ದುಡ್ಡಿನ ವೇಗ ಮಾತ್ರ ಸಿಗುತ್ತಿರುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಗೋಪುರದಾಕಾರದ ಕೂಲರ್‌ನಲ್ಲಿ ನಿಜವಾಗಿ ಬೆರಗು ಹುಟ್ಟಿಸುವ ಭಾಗವೆಂದರೆ ಆರು ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಗಳು. ಹೊರಗಿನಿಂದ ಗಟ್ಟಿ ಸಲಾಕೆಯಂತೆ ಕಾಣುತ್ತವೆ. ಹಾಳಾದ ಕೂಲರ್ ಸಿಕ್ಕರೆ ಒಂದನ್ನು ಗರಗಸದಿಂದ ಕೊಯ್ದು ನೋಡಬೇಕು. ಒಳಗೆ ಟೊಳ್ಳು. ಒಳಗೋಡೆ ನುಣುಪಾಗಿಲ್ಲ. ತಾಮ್ರದ ಪುಡಿಯನ್ನು ಕಾಯಿಸಿ ಅಂಟಿಸಿದ, ಬೆರಳಿಗೆ ತರಿತರಿಯಾಗಿ ಸಿಗುವ ಒಂದು ಪದರ ಅಲ್ಲಿರುತ್ತದೆ. ಕಾರ್ಖಾನೆಯಲ್ಲಿ ಅದರೊಳಗಿನ ಗಾಳಿಯನ್ನೆಲ್ಲ ಹೀರಿ, ಒಂದಿಷ್ಟು ಹನಿ ಶುದ್ಧ ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡವಿಲ್ಲದ ಕಾರಣ ಆ ನೀರು ಕುದಿಯಲು ನೂರು ಡಿಗ್ರಿಗೆ ಕಾಯಬೇಕಿಲ್ಲ, ನಲವತ್ತಕ್ಕೇ ಆವಿಯಾಗುತ್ತದೆ. ಪ್ರೊಸೆಸರ್ ಬಳಿಯ ತುದಿಯಲ್ಲಿ ಆವಿಯಾಗಿ, ರೆಕ್ಕೆಗಳ ತುದಿಗೆ ನುಗ್ಗಿ, ಅಲ್ಲಿ ತಣಿದು ಮತ್ತೆ ನೀರಾಗಿ, ತರಿತರಿ ಪದರದ ಸಂದುಗಳ ಮೂಲಕ ಹೊರಟಲ್ಲಿಗೇ ಇಂಗಿ ವಾಪಸು ಬರುತ್ತದೆ. ಪಂಪಿಲ್ಲ, ಚಲಿಸುವ ಬಿಡಿಭಾಗವಿಲ್ಲ.

ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೂಲ್ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಪೈಪು 30 ವ್ಯಾಟ್ ಸಾಗಿಸಬೇಕಾದರೆ ಸೆಕೆಂಡಿಗೆ ಒಂದು ಗ್ರಾಮಿನ ಎಂಬತ್ತನೇ ಒಂದು ಭಾಗ ನೀರು ಆವಿಯಾದರೆ ಸಾಕು. ಅಷ್ಟು ಚೂರು ನೀರಿನ ಓಡಾಟದಿಂದ ಈ ಪೈಪು ಅದೇ ದಪ್ಪದ ಗಟ್ಟಿ ತಾಮ್ರಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಬಿಸಿ ದಾಟಿಸುತ್ತದೆ. ಇದನ್ನು 1963ರಲ್ಲಿ ಮಾಡಿ ತೋರಿಸಿದವರು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್. ಅದಕ್ಕೂ ಮೊದಲು, 1940ರ ದಶಕದಲ್ಲಿ, ಜನರಲ್ ಮೋಟರ್ಸ್‌ನ ರಿಚರ್ಡ್ ಗಾಗ್ಲರ್ ಇಂಥದ್ದಕ್ಕೇ ಪೇಟೆಂಟ್ ಪಡೆದಿದ್ದರು, ಯಾರೂ ಗಮನಿಸಿರಲಿಲ್ಲ. ಗ್ರೋವರ್ ಕಣ್ಣಿದ್ದದ್ದು ಅಂತರಿಕ್ಷದ ಯಂತ್ರಗಳ ಮೇಲೆ. ಈ ಪೈಪಿಗೂ ಒಂದು ಮಿತಿಯಿದೆ. ಬಿಸಿ ಅದನ್ನು ಮೀರಿದರೆ ನೀರು ಹಿಂತಿರುಗುವ ವೇಗ ಸಾಲದೆ ಪೈಪಿನ ಬಿಸಿ ತುದಿ ಒಣಗುತ್ತದೆ. ಆಗ ಅದು ಬರೀ ಟೊಳ್ಳು ತಾಮ್ರ. ಕೂಲರ್ ಕೊಳ್ಳುವಾಗ ಎಷ್ಟು ಪೈಪು ಎಂದು ಎಣಿಸುವುದು ಇದಕ್ಕೇ.

ಎಷ್ಟು ಪೈಪು ಬೇಕು? ಅದಕ್ಕೆ ಪ್ರೊಸೆಸರ್‌ನ ನಿಜವಾದ ಬಿಸಿ ಗೊತ್ತಿರಬೇಕು. ಡಬ್ಬಿಯ ಮೇಲೆ ಟಿಡಿಪಿ ಎಂದು ಬರೆದ ಸಂಖ್ಯೆ ಅದಲ್ಲ. ರೈಜೆನ್ 7000 ಸರಣಿಯಲ್ಲಿ 65 ವ್ಯಾಟ್ ಎಂದರೆ ಸಾಕೆಟ್ಟಿನಿಂದ 88 ವ್ಯಾಟ್‌ವರೆಗೆ ಎಳೆಯುತ್ತದೆ, 105 ಎಂದರೆ 142, 170 ಎಂದರೆ 230. ಇಂಟೆಲ್ ಈಗ ಎರಡು ಸಂಖ್ಯೆ ಕೊಡುತ್ತದೆ. ಕೋರ್ ಐ5-12400ಕ್ಕೆ 65 ಮತ್ತು 117, ಕೋರ್ ಐ9-13900ಕೆಗೆ 125 ಮತ್ತು 253. ನೋಡಬೇಕಾದದ್ದು ದೊಡ್ಡ ಸಂಖ್ಯೆಯನ್ನು. ಕೂಲರ್ ತಯಾರಕರೂ ತಮ್ಮ ಡಬ್ಬಿಯ ಮೇಲೆ ವ್ಯಾಟ್ ಬರೆದಿರುತ್ತಾರೆ, ಒಬ್ಬರು ಅಳೆದಂತೆ ಇನ್ನೊಬ್ಬರು ಅಳೆದಿರುವುದಿಲ್ಲ. ಅದನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ನನ್ನ ಲೆಕ್ಕ ಒರಟು. ನಿಜವಾದ ಬಿಸಿ 90 ವ್ಯಾಟ್ ಒಳಗಿದ್ದರೆ ಪ್ರೊಸೆಸರ್ ಜೊತೆ ಪುಕ್ಕಟೆ ಬಂದ ಕೂಲರ್ ಸಾಕು, ಸದ್ದು ಸಹಿಸುವುದಾದರೆ. ಅಲ್ಲಿಂದ 150ರವರೆಗೆ ನಾಲ್ಕು ಪೈಪಿನ, 120 ಮಿಲಿಮೀಟರ್ ಫ್ಯಾನಿನ ಒಂಟಿ ಗೋಪುರ. ಡೀಪ್‌ಕೂಲ್ ಎಕೆ400 ತರಹದ್ದು. ಅದರ ಮೇಲಕ್ಕೆ ಆರು ಪೈಪಿನ ಜೋಡಿ ಗೋಪುರ, ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ 120ರಿಂದ ಹಿಡಿದು ಆಸ್ಟ್ರಿಯಾದ ನೋಕ್ಟುವಾದ ಎನ್ಎಚ್-ಡಿ15ವರೆಗೆ. 200 ವ್ಯಾಟ್ ಮೀರಿದ್ದನ್ನು ದಿನವಿಡೀ ದುಡಿಸುವವರು ನೀರಿನ ಕೂಲರ್ ಕೊಳ್ಳಲಿ. ಉಳಿದವರಿಗೆ ಅದು ಅಲಂಕಾರ, ಒಂದು ದಿನ ಕೆಡುವ ಪಂಪು ಬೇರೆ.

ದೊಡ್ಡ ಕೂಲರ್ ಹಾಕಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂಬ ನಂಬಿಕೆಯಿದೆ. ಮೊದಲಿನದ್ದು ಸಾಕಷ್ಟು ತಣಿಸುತ್ತಿದ್ದರೆ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗದು. ಸಿಗುವುದು ಮೌನ. ಫ್ಯಾನಿನ ವೇಗ ಇಮ್ಮಡಿಯಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹಾಗಾಗಿ ದೊಡ್ಡ ರೆಕ್ಕೆ, ನಿಧಾನ ಫ್ಯಾನು ಯಾವತ್ತೂ ಕಿವಿಗೆ ಹಿತ. ರಾತ್ರಿ ಕೂತು ವಿಡಿಯೋ ಎಡಿಟ್ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಕೊಳ್ಳುವ ಮುಂಚೆ ಅಳತೆಪಟ್ಟಿ ಬೇಕು. ಎಕೆ400ನ ಎತ್ತರ 155 ಮಿಲಿಮೀಟರ್, ಎನ್ಎಚ್-ಡಿ15ರದು 165, ತೂಕ ಫ್ಯಾನುಗಳೂ ಸೇರಿ 1,320 ಗ್ರಾಂ. ನಿಮ್ಮ ಕ್ಯಾಬಿನೆಟ್ಟಿಗೆ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಅದರ ವಿವರಪಟ್ಟಿಯಲ್ಲಿ ಬರೆದಿರುತ್ತದೆ. ಐದು ಮಿಲಿಮೀಟರ್ ಹೆಚ್ಚಾದರೂ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಎತ್ತರದ ರ‍್ಯಾಮ್ ಪಟ್ಟಿಗಳಿದ್ದರೆ ಮುಂದಿನ ಫ್ಯಾನು ಅವುಗಳಿಗೆ ತಾಗುತ್ತದೆ. ಸಾಕೆಟ್ಟೂ ಮುಖ್ಯ. ಇಂಟೆಲ್‌ನ ಎಲ್‌ಜಿಎ 1200ರಲ್ಲಿ ಮದರ್‌ಬೋರ್ಡಿನ ರಂಧ್ರಗಳ ನಡುವೆ 75 ಮಿಲಿಮೀಟರ್ ಇದ್ದದ್ದು 1700ರಲ್ಲಿ 78 ಆಯಿತು, ಎಷ್ಟೋ ಹಳೆಯ ಕೂಲರ್‌ಗಳು ಮೂರೇ ಮಿಲಿಮೀಟರಿನಿಂದ ಮೂಲೆ ಸೇರಿದವು. ಎಎಂಡಿಯ ಎಎಂ5ರಲ್ಲಿ ಹಿಂಬದಿಯ ಲೋಹದ ತಟ್ಟೆಯನ್ನು ಬಿಚ್ಚುವಂತಿಲ್ಲ. ಅದರ ಹಿಂದಿನ ಎಎಂ4ರಲ್ಲಿ ಬೋರ್ಡಿನದೇ ತಟ್ಟೆಯನ್ನು ಬಳಸುತ್ತಿದ್ದ ಕೂಲರ್ ಇಲ್ಲಿಯೂ ಕೂರುತ್ತದೆ, ಸ್ವಂತ ತಟ್ಟೆ ತರುತ್ತಿದ್ದದ್ದು ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಮದರ್‌ಬೋರ್ಡ್ ಮತ್ತು ಕ್ಯಾಬಿನೆಟ್‌ನ ಪೂರ್ತಿ ಹೆಸರು ಬರೆದುಕೊಂಡು ಹೋದರೆ ಒಂದು ಓಡಾಟ ಉಳಿದೀತು.

ಕೂರಿಸುವ ಕೆಲಸವನ್ನು ಮದರ್‌ಬೋರ್ಡ್ ಕ್ಯಾಬಿನೆಟ್‌ಗೆ ಸೇರುವ ಮೊದಲೇ, ಮೇಜಿನ ಮೇಲೆ ಮುಗಿಸಬೇಕು. ಎಎಂ4 ಬೋರ್ಡಿನಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದೊಡನೆ ಹಿಂದಿನ ತಟ್ಟೆ ದಡಕ್ಕನೆ ಉದುರುತ್ತದೆ, ಅದನ್ನು ಹಿಡಿದಿದ್ದದ್ದು ಆ ಸ್ಕ್ರೂಗಳೇ. ಇಂಟೆಲ್‌ನ ಒತ್ತುಗುಂಡಿಯ ಕೂಲರ್ ಆದರೆ ಓರೆಯಾಗಿ ಎದುರಿರುವ ಎರಡು ಗುಂಡಿಗಳನ್ನು ಒಮ್ಮೆಗೆ ಒತ್ತಿ, ಬೋರ್ಡನ್ನು ತಿರುಗಿಸಿ, ನಾಲ್ಕೂ ಮೊಳೆಗಳು ಆಚೆ ಬಂದು ಕಾಲು ಅಗಲಿಸಿವೆಯೇ ಎಂದು ಕಣ್ಣಾರೆ ನೋಡಬೇಕು. ಮೂರೇ ಮೊಳೆ ಕೂತ ಕೂಲರ್ ನೋಡಲು ಸರಿಯಾಗಿಯೇ ಇರುತ್ತದೆ, ಒಂದು ಮೂಲೆ ಮಾತ್ರ ಕೂದಲೆಳೆಯಷ್ಟು ಎದ್ದಿರುತ್ತದೆ.

ಪೇಸ್ಟಿನ ಬಗ್ಗೆ ಇರುವಷ್ಟು ಜಗಳ ಇನ್ಯಾವುದರ ಬಗ್ಗೆಯೂ ಇಲ್ಲ. ತಾಮ್ರದ ಉಷ್ಣವಾಹಕತೆ ಸುಮಾರು 400 ಎಂಬ ಮಾನದಲ್ಲಿ ಒಳ್ಳೆಯ ಪೇಸ್ಟಿನದು ಎಂಟು-ಹತ್ತು, ನಿಂತ ಗಾಳಿಯದು 0.026. ಅಂದರೆ ಪೇಸ್ಟು ಲೋಹದ ಮುಂದೆ ಏನೇನೂ ಅಲ್ಲ, ಗಾಳಿಯ ಮುಂದೆ ಮುನ್ನೂರು ಪಟ್ಟು ಮೇಲು. ನುಣ್ಣಗೆ ಕಾಣುವ ಎರಡು ಲೋಹದ ಮೈಗಳು ಮುಟ್ಟಿದಾಗಲೂ ನಡುವೆ ಉಳಿಯುವ ಸಣ್ಣ ಗುಳಿಗಳ ಗಾಳಿಯನ್ನು ಹೊರದಬ್ಬುವುದೇ ಅದರ ಕೆಲಸ. ಪದರ 50 ಮೈಕ್ರಾನ್ ಇರಬೇಕಾದಲ್ಲಿ ಅರ್ಧ ಮಿಲಿಮೀಟರ್ ಮೆತ್ತಿದರೆ ಅಡ್ಡಿ ಹತ್ತು ಪಟ್ಟಾಯಿತು. ನಡುಮಧ್ಯೆ ನಾಲ್ಕೈದು ಮಿಲಿಮೀಟರ್ ಅಗಲದ ಒಂದು ಬೊಟ್ಟು, ಅಗಲವಾದ ಪ್ರೊಸೆಸರ್ ಆದರೆ ಸುತ್ತ ಇನ್ನು ಮೂರ‍್ನಾಲ್ಕು ಚಿಕ್ಕ ಬೊಟ್ಟು ಇಟ್ಟರೆ ಆಯಿತು. ಕೂಲರ್‌ನ ಒತ್ತಡವೇ ಅದನ್ನು ಹರಡುತ್ತದೆ. ಸ್ಕ್ರೂಗಳನ್ನು ಓರೆ ಎದುರು ಮೂಲೆಗಳಲ್ಲಿ ಎರಡೆರಡು ಸುತ್ತು ಸರದಿಯಂತೆ ಬಿಗಿಯುತ್ತ ಹೋದರೆ ಒತ್ತಡ ಎಲ್ಲೆಡೆ ಒಂದೇ ಸಮ ಬೀಳುತ್ತದೆ. ಇಷ್ಟಕ್ಕೆ ಮೊದಲು ಕೂಲರ್‌ನ ತಳ ತಿರುಗಿಸಿ, ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೇನಾದರೂ ಅಂಟಿದೆಯೇ ಎಂದು ಉಗುರಿನಿಂದ ಕೆರೆದು ನೋಡಬೇಕು. ಸಾಗಣೆಯಲ್ಲಿ ಗೀರು ಬೀಳದಿರಲೆಂದು ಹಾಕಿದ ಆ ಹಾಳೆಯನ್ನು ಕೀಳದೆ ಕೂರಿಸಿ, ವರ್ಷಗಟ್ಟಲೆ 90 ಡಿಗ್ರಿಯಲ್ಲಿ ಓಡಿಸಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ.

ಫ್ಯಾನಿಗೂ ಮುಖ, ಬೆನ್ನು ಇದೆ. ಚೌಕಟ್ಟಿನ ಅಡ್ಡಪಟ್ಟಿಗಳು ಕಾಣುವ ಕಡೆಯಿಂದ ಗಾಳಿ ಹೊರಬೀಳುತ್ತದೆ. ಆ ಬದಿ ರೆಕ್ಕೆಗಳ ಕಡೆಗಿರಲಿ, ಗಾಳಿ ಕ್ಯಾಬಿನೆಟ್‌ನ ಮುಂದಿನಿಂದ ಹಿಂದಕ್ಕೆ ಸಾಗಲಿ. ನಾಲ್ಕು ತಂತಿಯ ಪ್ಲಗ್ಗು ಬೋರ್ಡಿನಲ್ಲಿ ‘ಸಿಪಿಯು ಫ್ಯಾನ್’ ಎಂದು ಬರೆದ ಜಾಗಕ್ಕೇ ಹೋಗಬೇಕು. ನಾಲ್ಕರಲ್ಲಿ ಎರಡು ವಿದ್ಯುತ್ತಿಗೆ, ಮೂರನೆಯದು ವೇಗ ಎಷ್ಟೆಂದು ವರದಿ ಒಪ್ಪಿಸಲು, ನಾಲ್ಕನೆಯದು ವೇಗ ಎಷ್ಟಿರಬೇಕೆಂಬ ಅಪ್ಪಣೆ ಪಡೆಯಲು.

ಇಷ್ಟಾದರೂ ಬಿಸಿಯ ಪಯಣ ಮುಗಿದಿರುವುದಿಲ್ಲ. 150 ವ್ಯಾಟ್ ಬಿಸಿಯನ್ನು ಗಾಳಿಗೆ ದಾಟಿಸುವಾಗ ಗಾಳಿ ಹತ್ತೇ ಡಿಗ್ರಿ ಏರಬೇಕೆಂದರೆ ಸೆಕೆಂಡಿಗೆ ಹನ್ನೆರಡು ಲೀಟರಿನಷ್ಟು ಗಾಳಿ ರೆಕ್ಕೆಗಳ ನಡುವೆ ಹಾಯಬೇಕು. ಮುಂದೆ ಪೂರ್ತಿ ಗಾಜು ಹೊದಿಸಿದ ಚೆಂದದ ಕ್ಯಾಬಿನೆಟ್‌ಗಳಲ್ಲಿ ಆ ಗಾಳಿ ಬರುವುದೆಲ್ಲಿಂದ? ಜೊತೆಗೆ ಗ್ರಾಫಿಕ್ಸ್ ಕಾರ್ಡೂ ತನ್ನ ಬಿಸಿಯನ್ನು ಅದೇ ಡಬ್ಬಿಗೆ ಸುರಿಯುತ್ತಿರುತ್ತದೆ. ಪರೀಕ್ಷೆ ಸುಲಭ. ಕಂಪ್ಯೂಟರಿಗೆ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು, ಎಚ್‌ಡಬ್ಲ್ಯುಇನ್ಫೋ ಥರದ ತಂತ್ರಾಂಶದಲ್ಲಿ ತಾಪ ಬರೆದುಕೊಳ್ಳಿ. ಪಕ್ಕದ ಬಾಗಿಲು ತೆಗೆದು ಅದನ್ನೇ ಮತ್ತೆ ಮಾಡಿ. ಎರಡು-ಮೂರು ಡಿಗ್ರಿ ಇಳಿದರೆ ಸಹಜ. ಹತ್ತು ಇಳಿದರೆ ತಪ್ಪು ಕೂಲರ್‌ನದಲ್ಲ, ಕ್ಯಾಬಿನೆಟ್‌ನದು.

ಫ್ಯಾನು ಕೋಣೆಯ ಗಾಳಿಗಿಂತ ತಣ್ಣಗೆ ಏನನ್ನೂ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 70 ಮುಟ್ಟುವ ಪ್ರೊಸೆಸರ್, ಅದೇ ಕೆಲಸಕ್ಕೆ ರಾಯಚೂರಿನ ಬೇಸಿಗೆಯ 42ರಲ್ಲಿ 87 ಮುಟ್ಟುತ್ತದೆ. ಯುರೋಪಿನ ತಂಪು ಕೋಣೆಯಲ್ಲಿ ಅಳೆದ ವಿಮರ್ಶೆ ಓದಿ ಕೂಲರ್ ಕೊಳ್ಳುವ ಕಲಬುರಗಿಯವರು ಈ ವ್ಯತ್ಯಾಸ ಕೂಡಿಸಿಕೊಳ್ಳಬೇಕು. ಬೆಂಗಳೂರಿನದು ಬೇರೆ ಕಥೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಕಾರಣ ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಎಂಟು-ಒಂಬತ್ತರಷ್ಟು ತೆಳು, ಫ್ಯಾನು ಒಂದು ಸುತ್ತಿಗೆ ಅಷ್ಟು ಕಡಿಮೆ ಗಾಳಿ ತಳ್ಳುತ್ತದೆ. ಹವೆಯೇ ತಂಪಾಗಿರುವುದರಿಂದ ಆ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ.

ಹೊಸ ಕೂಲರ್ ಕೊಳ್ಳುವ ಮುಂಚೆ ಬಯಾಸ್‌ನಲ್ಲಿ ಇಕೋ ಮೋಡ್ ಹಾಕಿ ನೋಡಿ ಎಂದು 7700ಎಕ್ಸ್ ಇರುವವರಿಗೆ ಹೇಳುತ್ತೇನೆ. 142 ವ್ಯಾಟ್ ಮಿತಿ 88ಕ್ಕೆ ಇಳಿಯುತ್ತದೆ, ವೇಗ ಕುಂದಿದ್ದು ದಿನನಿತ್ಯದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಎಎಂ4 ಕಂಪ್ಯೂಟರಿನ ಕೂಲರ್ ತೆಗೆಯಲೇಬೇಕಾಗಿ ಬಂದರೆ ಮೊದಲು ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಪೇಸ್ಟು ಮೆತ್ತಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಿ. ನೇರ ಮೇಲಕ್ಕೆಳೆದರೆ ಪ್ರೊಸೆಸರ್ 1,331 ಪಿನ್ನುಗಳ ಸಮೇತ ಸಾಕೆಟ್ಟಿನಿಂದ ಕಿತ್ತು ಬರಬಹುದು. ಧೂಳು ಹೊಡೆಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ, ಬ್ಲೋವರ್‌ನ ಗಾಳಿಗೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ.