ಕಾರ್ಯಾದೇಶ, ದಾಸ್ತಾನು ಮತ್ತು ತಂತ್ರಾಂಶ: ಸಣ್ಣ ಉತ್ಪಾದಕರು ಗಮನಿಸಬೇಕಾದ ಅಂಶಗಳು

ಸಣ್ಣ ಕೈಗಾರಿಕೆಗಳಲ್ಲಿ ಖರೀದಿ, ಮಾರಾಟ ಮತ್ತು ಬ್ಯಾಂಕ್ ವ್ಯವಹಾರಗಳ ಲೆಕ್ಕ ಇಂದು ಬಹುಮಟ್ಟಿಗೆ ಗಣಕೀಕೃತವಾಗಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಇದು ಅನಿವಾರ್ಯವೂ ಆಯಿತು. ಆದರೆ ಕಚ್ಚಾವಸ್ತು ಉಗ್ರಾಣದಿಂದ ಹೊರಟು ಸಿದ್ಧವಸ್ತುವಾಗಿ ಮರಳುವವರೆಗಿನ ಹಾದಿಯ ಲೆಕ್ಕ ಮಾತ್ರ ಅನೇಕ ಘಟಕಗಳಲ್ಲಿ ಮೇಲ್ವಿಚಾರಕರ ಜೇಬುಪುಸ್ತಕದಲ್ಲಿಯೇ ಉಳಿದಿದೆ. ಪರಿಣಾಮವಾಗಿ ಮಾರ್ಚ್ 31ರ ಅಂತಿಮ ದಾಸ್ತಾನನ್ನು ಎಣಿಸಿ ಬರೆಯುವ ಬದಲು, ಹಿಂದಿನ ವರ್ಷದ ಲಾಭದ ಪ್ರಮಾಣಕ್ಕೆ ಹೊಂದುವಂತೆ ಅಂದಾಜು ಮಾಡಿ ಬರೆಯುವ ರೂಢಿ ಬೆಳೆದಿದೆ. ದಾಸ್ತಾನು ಅಂದಾಜಾದರೆ ಲಾಭವೂ ಅಂದಾಜೇ. ಅಂತಹ ಉದ್ಯಮಿಗೆ ಯಾವ ಸರಕಿನಲ್ಲಿ ಲಾಭವಿದೆ, ಯಾವುದರಲ್ಲಿ ನಷ್ಟವಿದೆ ಎಂಬುದು ತಿಳಿಯುವುದೇ ಇಲ್ಲ.

ಕಾರ್ಯಾದೇಶ ಎಂದರೇನು?

ಇಂತಿಷ್ಟು ಸಂಖ್ಯೆಯ ಇಂತಹ ಸರಕನ್ನು ಇಂತಹ ದಿನದೊಳಗೆ ತಯಾರಿಸಬೇಕು ಎಂದು ಕಾರ್ಖಾನೆಯೊಳಗೆ ಹೊರಡಿಸುವ ಆದೇಶವೇ ಕಾರ್ಯಾದೇಶ ಅಥವಾ ವರ್ಕ್ ಆರ್ಡರ್. ಇದಕ್ಕೆ ಆಧಾರ ಸಾಮಗ್ರಿ ಪಟ್ಟಿ, ಅಂದರೆ ಬಿಲ್ ಆಫ್ ಮೆಟೀರಿಯಲ್ಸ್. ಒಂದು ಸಿದ್ಧವಸ್ತುವಿಗೆ ಯಾವ ಕಚ್ಚಾವಸ್ತು ಎಷ್ಟು ಬೇಕು, ಸಹಜ ವ್ಯರ್ಥ ಎಷ್ಟು ಎಂಬುದು ಅದರಲ್ಲಿರುತ್ತದೆ. ಮಾರಾಟದ ಬೇಡಿಕೆಯನ್ನು ಮುಂದಾಗಿ ಊಹಿಸಬೇಕಾಗುತ್ತದೆ. ಆದರೆ ಬಿಡಿಭಾಗಗಳ ಅಗತ್ಯವನ್ನು ಊಹಿಸಬೇಕಿಲ್ಲ, ಅದನ್ನು ಸಾಮಗ್ರಿ ಪಟ್ಟಿಯಿಂದ ಗುಣಿಸಿ ತೆಗೆಯಬಹುದು. ಅಮೆರಿಕದ ಜೋಸೆಫ್ ಆರ್ಲಿಕಿ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಈ ತತ್ತ್ವವೇ ಇಂದಿನ ಉತ್ಪಾದನಾ ತಂತ್ರಾಂಶಗಳ ತಳಹದಿ. ಬೆಂಗಳೂರು ಮೂಲದ ಟ್ಯಾಲಿಯೂ ಸೇರಿದಂತೆ ಸಣ್ಣ ಘಟಕಗಳು ಬಳಸುವ ಹಲವು ತಂತ್ರಾಂಶಗಳಲ್ಲಿ ಸಾಮಗ್ರಿ ಪಟ್ಟಿಯ ಸೌಲಭ್ಯವಿದೆ. ಅದನ್ನು ಬಳಸದೆ ಬಿಟ್ಟವರೇ ಹೆಚ್ಚು.

ಒಂದು ಉದಾಹರಣೆ

ಒಂದು ಯಂತ್ರಗಾರವು 500 ಉಕ್ಕಿನ ಶಾಫ್ಟ್‌ಗಳಿಗೆ, ತಲಾ ರೂ. 240ರಂತೆ ಬೇಡಿಕೆ ಪಡೆದಿದೆ ಎಂದು ಭಾವಿಸೋಣ. ಒಂದಕ್ಕೆ 2 ಕಿಲೋ ಸರಳು ಬೇಕು. ಸಿದ್ಧವಾದಾಗ ಅದರ ತೂಕ 1.4 ಕಿಲೋ. ಕತ್ತರಿಸುವಾಗಿನ ವ್ಯರ್ಥ 30 ಕಿಲೋ ಸೇರಿ ಒಟ್ಟು 1,030 ಕಿಲೋ ಸರಳು, ಕಿಲೋಗೆ ರೂ. 80ರಂತೆ ರೂ. 82,400. ಕಡಸಲು ಕೂಲಿ ರೂ. 30,000, ಹೊರಗೆ ಮಾಡಿಸುವ ಶಾಖ ಸಂಸ್ಕರಣೆಗೆ ರೂ. 10,000. ಚೂರು ಮತ್ತು ತುಂಡು ಸೇರಿ 330 ಕಿಲೋ ಸ್ಕ್ರ್ಯಾಪ್ ಮಾರಾಟದಿಂದ, ಕಿಲೋಗೆ ರೂ. 30ರಂತೆ, ರೂ. 9,900 ಹಿಂತಿರುಗುತ್ತದೆ. ನಿವ್ವಳ ವೆಚ್ಚ ರೂ. 1,12,500, ತಲಾ ರೂ. 225. ವಿದ್ಯುತ್, ಬಾಡಿಗೆ ಮೊದಲಾದ ಇತರ ವೆಚ್ಚಗಳಿಗೆ ಮುನ್ನ ಪ್ರತಿ ಶಾಫ್ಟ್‌ಗೆ ರೂ. 15 ಉಳಿಯಬೇಕು.

ವಾಸ್ತವದಲ್ಲಿ ಉಗ್ರಾಣದಿಂದ ಹೊರಟದ್ದು 1,075 ಕಿಲೋ, ಅಂದರೆ ರೂ. 86,000ದ ಸರಳು. ತಪಾಸಣೆಯಲ್ಲಿ 20 ಶಾಫ್ಟ್‌ಗಳು ತಿರಸ್ಕೃತವಾದವು. ಅವುಗಳ 28 ಕಿಲೋ ಸೇರಿ ಸ್ಕ್ರ್ಯಾಪ್‌ನಿಂದ ಬಂದದ್ದು ರೂ. 10,740. ನಿವ್ವಳ ವೆಚ್ಚ ರೂ. 1,15,260. ಮಾರಾಟಕ್ಕೆ ಯೋಗ್ಯವಾದ 480 ಶಾಫ್ಟ್‌ಗಳಿಂದ ಬರುವುದು ರೂ. 1,15,200. ರೂ. 7,500 ಉಳಿಯಬೇಕಿದ್ದ ಕೆಲಸದಲ್ಲಿ ರೂ. 60 ನಷ್ಟ!

ಕಾರ್ಯಾದೇಶವಾರು ಲೆಕ್ಕವಿಲ್ಲದ ಘಟಕದಲ್ಲಿ ಈ ವ್ಯತ್ಯಾಸ ಇಡೀ ವರ್ಷದ ವಹಿವಾಟಿನಲ್ಲಿ ಕರಗಿಹೋಗುತ್ತದೆ. ಉದ್ಯಮಿಯು ಅದೇ ದರಕ್ಕೆ ಮುಂದಿನ ಬೇಡಿಕೆಯನ್ನೂ ಸಂತೋಷದಿಂದ ಒಪ್ಪಿಕೊಳ್ಳುತ್ತಾನೆ. ಕಾರ್ಯಾದೇಶದ ಲೆಕ್ಕವಿದ್ದರೆ ಎರಡು ಪ್ರಶ್ನೆಗಳು ಆ ವಾರವೇ ಏಳುತ್ತವೆ: ಹೆಚ್ಚುವರಿ 45 ಕಿಲೋ ಸರಳು ಎಲ್ಲಿ ಹೋಯಿತು? 20 ಶಾಫ್ಟ್‌ಗಳು ಯಾವ ಹಂತದಲ್ಲಿ ಕೆಟ್ಟವು?

ಜಾಬ್ ವರ್ಕ್: ಹೆಚ್ಚಿನ ಎಚ್ಚರ ಅಗತ್ಯ

ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ವಸ್ತು ಸಿದ್ಧವಾಗುವ ಮುನ್ನ ಲೇಪನ, ಉಜ್ಜುಗೆ, ಶಾಖ ಸಂಸ್ಕರಣೆಗಳಿಗಾಗಿ ಹಲವು ಘಟಕಗಳನ್ನು ಸುತ್ತಿ ಬರುವುದು ಸಾಮಾನ್ಯ. ಹೀಗೆ ಹೊರಗಿರುವ ಸರಕು ಮಾಲೀಕನದೇ ದಾಸ್ತಾನು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೇ ವಿಧಿಯ ಪ್ರಕಾರ, ತೆರಿಗೆ ತೆರದೆ ಜಾಬ್ ವರ್ಕ್‌ಗೆ ಕಳುಹಿಸಿದ ಸಾಮಗ್ರಿ 1 ವರ್ಷದೊಳಗೆ ಹಿಂತಿರುಗಬೇಕು ಅಥವಾ ನಿಯಮಾನುಸಾರ ಅಲ್ಲಿಂದಲೇ ಮಾರಾಟವಾಗಬೇಕು. ಬಂಡವಾಳ ಸರಕುಗಳಿಗೆ ಈ ಅವಧಿ 3 ವರ್ಷ. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್ ಮತ್ತು ಉಪಕರಣಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಆಯುಕ್ತರು ವಿಸ್ತರಿಸದ ಹೊರತು, ಅವಧಿ ಮೀರಿದರೆ ಸರಕು ಕಳುಹಿಸಿದ ದಿನದಂದೇ ಪೂರೈಕೆಯಾಯಿತೆಂದು ಪರಿಗಣಿಸಲಾಗುತ್ತದೆ. ತೆರಿಗೆಯ ಜೊತೆಗೆ ಬಡ್ಡಿಯ ಹೊರೆಯೂ ಬೀಳುತ್ತದೆ. ಇದರ ವಿವರವನ್ನು ಐಟಿಸಿ-04 ನಮೂನೆಯಲ್ಲಿ ಸಲ್ಲಿಸಬೇಕು. 2021ರ ಅಕ್ಟೋಬರ್ 1ರಿಂದ, ಹಿಂದಿನ ವರ್ಷದ ವಹಿವಾಟು ರೂ. 5 ಕೋಟಿ ಮೀರಿದವರು ಅರ್ಧ ವರ್ಷಕ್ಕೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಸಲ್ಲಿಸಬೇಕೆಂಬ ನಿಯಮ ಬಂದಿತು.

ತಂತ್ರಾಂಶದಲ್ಲಿ ಪ್ರತಿ ಜಾಬ್ ವರ್ಕರ್‌ನನ್ನೂ ಒಂದು ಪ್ರತ್ಯೇಕ ಗೋದಾಮಿನಂತೆ ದಾಖಲಿಸಿ, ಪ್ರತಿ ಡೆಲಿವರಿ ಚಲನ್‌ಗೂ ಕಾರ್ಯಾದೇಶದ ಸಂಖ್ಯೆಯನ್ನು ನಮೂದಿಸಿದರೆ, ಯಾರ ಬಳಿ ಎಷ್ಟು ಸರಕು ಎಷ್ಟು ದಿನದಿಂದ ಇದೆ ಎಂಬ ಪಟ್ಟಿ ಯಾವಾಗ ಬೇಕಾದರೂ ದೊರೆಯುತ್ತದೆ.

ಕಾನೂನು ಮತ್ತು ಬ್ಯಾಂಕಿನ ದೃಷ್ಟಿ

ಪ್ರತಿ ಉತ್ಪಾದಕನೂ ಬಳಸಿದ ಕಚ್ಚಾವಸ್ತು, ತಯಾರಾದ ಸರಕು, ವ್ಯರ್ಥ ಮತ್ತು ಉಪೋತ್ಪನ್ನಗಳ ಪರಿಮಾಣವನ್ನು ತೋರಿಸುವ ಮಾಸಿಕ ಉತ್ಪಾದನಾ ಲೆಕ್ಕ ಇಡಬೇಕೆಂದು ಸಿಜಿಎಸ್‌ಟಿ ನಿಯಮ 56(12) ಹೇಳುತ್ತದೆ. ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಎರಡನೇ ಲೆಕ್ಕಪತ್ರ ಮಾನಕದಂತೆ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಬೆಲೆಕಟ್ಟಬೇಕು. ಅಸಹಜ ವ್ಯರ್ಥದ ಮೊತ್ತವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಸಹಜ ವ್ಯರ್ಥ ಎಷ್ಟೆಂಬುದು ದಾಖಲಾಗದಿದ್ದರೆ ಅಸಹಜವಾದುದನ್ನು ಬೇರ್ಪಡಿಸುವುದು ಹೇಗೆ? ಕಂಪನಿಗಳಾಗಿರುವ ಘಟಕಗಳು 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡನ್ನು ಉಳಿಸುವ ಲೆಕ್ಕ ತಂತ್ರಾಂಶವನ್ನೇ ಬಳಸಬೇಕಾಗಿರುವುದರಿಂದ, ವರ್ಷಾಂತ್ಯದಲ್ಲಿ ಹಳೆಯ ನಮೂದುಗಳನ್ನು ಸದ್ದಿಲ್ಲದೆ ಬದಲಾಯಿಸುವ ಅವಕಾಶವೂ ಇಲ್ಲ.

ಕ್ಯಾಶ್ ಕ್ರೆಡಿಟ್ ಸಾಲ ಪಡೆದವರಿಗೆ ಮತ್ತೊಂದು ತೊಡಕಿದೆ. ಬ್ಯಾಂಕಿಗೆ ನೀಡುವ ದಾಸ್ತಾನು ತಃಖ್ತೆಯ ಆಧಾರದ ಮೇಲೆಯೇ ಹಣ ತೆಗೆಯುವ ಮಿತಿ ನಿಗದಿಯಾಗುತ್ತದೆ. ಆ ತಃಖ್ತೆಯ ಅಂಕಿಗೂ ಲೆಕ್ಕಪತ್ರದ ಅಂಕಿಗೂ ತಾಳೆಯಾಗದಿದ್ದರೆ ಉದ್ಯಮಿಯ ವಿಶ್ವಾಸಾರ್ಹತೆಗೇ ಧಕ್ಕೆ.

ಎಲ್ಲಿಂದ ಆರಂಭಿಸಬೇಕು?

ಮೊದಲ ದಿನವೇ ಇಡೀ ಕಾರ್ಖಾನೆಯನ್ನು ತಂತ್ರಾಂಶಕ್ಕೆ ಒಳಪಡಿಸಲು ಹೊರಟವರು ಮೂರು ತಿಂಗಳಲ್ಲಿ ಕೈಬಿಡುವುದುಂಟು. ಅದರ ಬದಲು ಈ ಕ್ರಮ ಅನುಸರಿಸುವುದು ಲೇಸು:

1. ಹೆಚ್ಚು ಮಾರಾಟವಾಗುವ ಒಂದೆರಡು ಸರಕುಗಳನ್ನು ಆರಿಸಿ, ಅವುಗಳ ಸಾಮಗ್ರಿ ಪಟ್ಟಿಯನ್ನು ತೂಕ ಮಾಡಿ ಸಿದ್ಧಪಡಿಸಬೇಕು, ನೆನಪಿನಿಂದ ಬರೆಯಬಾರದು.

2. ಒಂದು ವಸ್ತುವಿಗೆ ಒಂದೇ ಸಂಕೇತವಿರಬೇಕು. ಕಿಲೋ ಲೆಕ್ಕದಲ್ಲಿ ಕೊಂಡು ಬಿಡಿ ಲೆಕ್ಕದಲ್ಲಿ ಬಳಸುವ ವಸ್ತುಗಳಿಗೆ ಪರಿವರ್ತನಾ ಪ್ರಮಾಣವನ್ನು ಮೊದಲೇ ನಿಗದಿಪಡಿಸಬೇಕು.

3. ಕಾರ್ಯಾದೇಶದ ಸಂಖ್ಯೆಯಿಲ್ಲದೆ ಉಗ್ರಾಣದಿಂದ ಯಾವ ವಸ್ತುವೂ ಹೊರಡಬಾರದು. ಮಾಲೀಕರಿಗೂ ಈ ನಿಯಮದಿಂದ ವಿನಾಯಿತಿ ಸಲ್ಲದು.

4. ಉಳಿದ ಸಾಮಗ್ರಿ, ತಿರಸ್ಕೃತ ಸರಕು ಮತ್ತು ಸ್ಕ್ರ್ಯಾಪ್ ಅಂದೇ ತೂಕವಾಗಿ ದಾಖಲಾಗಬೇಕು.

5. ಬೆಲೆಬಾಳುವ ಕೆಲವು ವಸ್ತುಗಳನ್ನಾದರೂ ಪ್ರತಿ ವಾರ ಎಣಿಸಿ, ತಂತ್ರಾಂಶದ ಶಿಲ್ಕಿನೊಡನೆ ತಾಳೆ ನೋಡಬೇಕು. ವ್ಯತ್ಯಾಸವಿದ್ದರೆ ಕಾರಣ ತಿಳಿಯದೆ ಹೊಂದಾಣಿಕೆ ನಮೂದು ಹಾಕಬಾರದು.

ಇವುಗಳಲ್ಲಿ ಮೂರನೆಯದೇ ಕಠಿಣ. ತುರ್ತು ಕೆಲಸವಿದ್ದಾಗ "ಮೊದಲು ಕೊಡಿ, ಆಮೇಲೆ ಬರೆಯೋಣ" ಎಂಬ ಮಾತು ಸಾಮಾನ್ಯ. ಹಾಗೆ ಹೋದ ಸರಕು ಲೆಕ್ಕಕ್ಕೆ ಬರುವುದು ಅಪರೂಪ. ತಂತ್ರಾಂಶವು ತನಗೆ ಕೊಟ್ಟ ಅಂಕಿಯನ್ನು ಕೂಡಿ ಕಳೆದು ತೋರಿಸುತ್ತದೆಯೇ ಹೊರತು ಉಗ್ರಾಣದ ಬಾಗಿಲಲ್ಲಿ ನಿಂತು ಕಾಯುವುದಿಲ್ಲ. ಆದ್ದರಿಂದ ಹೊಸ ತಂತ್ರಾಂಶಕ್ಕೆ ಹಣ ತೊಡಗಿಸುವ ಮುನ್ನ ಉದ್ಯಮಿಗಳು ಒಂದು ತಿಂಗಳ ಕಾಲ, ಕಾಗದದ ಚೀಟಿಗಳಲ್ಲಿಯಾದರೂ, ಕಾರ್ಯಾದೇಶದ ಪದ್ಧತಿಯನ್ನು ತಪ್ಪದೆ ನಡೆಸಿ ನೋಡುವುದು ಒಳಿತು. ಅದು ಸಾಧ್ಯವಾದ ಘಟಕದಲ್ಲಿ ಸಾಧಾರಣ ಬೆಲೆಯ ತಂತ್ರಾಂಶವೂ ಸಾಕು.